ಸ್ಟೆಂಟ್ ಹಾಕುವ ಡಾಕ್ಟರ್ ಆಗಲು ಎಷ್ಟು ವರ್ಷ ಓದಬೇಕು?

ಪ್ರಶ್ನೆ: ಪಿಯುಸಿ ಮೊದಲ ವರ್ಷದಲ್ಲಿದ್ದೇನೆ. ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದ್ದು. ಎದೆ ಕೊಯ್ಯದೆ ಸ್ಟೆಂಟ್ ಹಾಕುವ ಹೃದ್ರೋಗ ತಜ್ಞೆ ಆಗಬೇಕೆಂದಿದೆ. ದಾರಿ ಹೇಳಿ.
– ವಿದ್ಯಾರ್ಥಿನಿ, ಚಡಚಣ

ಉತ್ತರ: ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಎಂಡಿ ಮೂರು, ಡಿಎಂ ಕಾರ್ಡಿಯಾಲಜಿ ಮೂರು. ಎಲ್ಲೂ ಎಡವದಿದ್ದರೆ ಹನ್ನೊಂದೂವರೆ ವರ್ಷ. ಆದರೆ ನೀಟ್ ಒಂದಲ್ಲ, ಮೂರು: ಯುಜಿ, ಪಿಜಿ, ಎಸ್‌ಎಸ್. ಸೀಟಿಗಾಗಿ ವರ್ಷ ಕಾಯುವುದು ಮಾಮೂಲು. ವಯಸ್ಸು ಮೂವತ್ತು ದಾಟುತ್ತದೆ ಎಂದೇ ಮನೆಯವರಿಗೆ ಈಗಲೇ ಹೇಳಿಬಿಡಿ.

ಎಂಬಿಬಿಎಸ್ ನಂತರ ಸಾಮಾನ್ಯವಾಗಿ ಜನರಲ್ ಮೆಡಿಸಿನ್ ಹಿಡಿಯಬೇಕು. ಸರ್ಜರಿ ಹಿಡಿದರೆ ಅದು ಬೈಪಾಸ್ ಮಾಡುವವರ ದಾರಿ. ಇದೆಲ್ಲ ರಾಜ್ಯದೊಳಗೇ ಆಗುವ ಓದು. ಜಯದೇವ ಹೃದ್ರೋಗ ಸಂಸ್ಥೆಯನ್ನು ಬಹುಕಾಲ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಮೈಸೂರು, ಬೆಂಗಳೂರು, ಮಂಗಳೂರುಗಳಲ್ಲೇ ಓದಿದವರು.

ಸೀಟಿನ ವಿಷಯ. ಪಕ್ಕದ ಅಫಜಲಪುರದವರಿಗಿರುವ ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿ ನಿಮ್ಮ ವಿಜಯಪುರ ಜಿಲ್ಲೆಗಿಲ್ಲ. ನಿಮಗಿರುವುದು ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಸಮೇತ. ನೀಟ್ ಯುಜಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಮುಂದಿನ ಎರಡು ಇಂಗ್ಲಿಷ್‌ನಲ್ಲಿ ಮಾತ್ರ.

ಇನ್ನು ಕೆಲಸ. ಮಣಿಕಟ್ಟಿನ ರಕ್ತನಾಳದಿಂದ ಕೂದಲೆಳೆಯಂಥ ತಂತಿಯನ್ನು ಹೃದಯದವರೆಗೆ ಒಯ್ದು, ಎಕ್ಸ್‌ರೇ ಪರದೆ ನೋಡುತ್ತ, ಸುಮಾರು ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಬಲೂನು ಉಬ್ಬಿಸಿ ಸ್ಟೆಂಟ್ ಕೂರಿಸಬೇಕು. 1977ರಲ್ಲಿ ಜ್ಯೂರಿಕ್‌ನಲ್ಲಿ ಹೃದಯದ ನಾಳಕ್ಕೆ ಈ ಬಲೂನು ಚಿಕಿತ್ಸೆಯನ್ನು, ಅಂದರೆ ಆಂಜಿಯೋಪ್ಲಾಸ್ಟಿಯನ್ನು, ಮೊದಲು ಮಾಡಿದ ವೈದ್ಯ ಗ್ರುಂಟ್ಸಿಗ್, ಬಲೂನುಗಳನ್ನು ತಯಾರಿಸಿಕೊಂಡದ್ದು ಮನೆಯ ಅಡುಗೆಮೇಜಿನ ಮೇಲೆ! ವಿಕಿರಣ ತಡೆಯಲು ಗಂಟೆಗಟ್ಟಲೆ ಸೀಸದ ಏಪ್ರನ್ ಹೊತ್ತು ನಿಲ್ಲಬೇಕು; ಬೆನ್ನುನೋವು ಈ ವೃತ್ತಿಯ ಹಳೆಯ ದೂರು. ರಾತ್ರಿ ಎರಡಕ್ಕೆ ಫೋನ್ ಬಂದರೂ ಹೊರಡಬೇಕು.

ಇದನ್ನೆಲ್ಲ ಮಾಡುವ ಕ್ಯಾಥ್‌ಲ್ಯಾಬ್ ಇರುವುದು ದೊಡ್ಡ ಊರುಗಳಲ್ಲಿ. ಚಡಚಣದವರಿಗೆ ವಿಜಯಪುರಕ್ಕಿಂತ ಸೊಲ್ಲಾಪುರವೇ ಹತ್ತಿರ. ಹೃದಯಾಘಾತವಾದಾಗ ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲು ಕೊಡಬೇಕೆಂಬುದು ನಿಯಮ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡಿಸುತ್ತದೆ. ಇಸಿಜಿ ಓದಿ ಆ ಚುಚ್ಚುಮದ್ದು ಕೊಡಲು ಡಿಎಂ ಬೇಕಿಲ್ಲ, ಎಂಬಿಬಿಎಸ್ ವೈದ್ಯರೇ ಸಾಕು. ನನ್ನನ್ನು ಕೇಳಿದರೆ ನಿಮ್ಮೂರಿಗೆ ಮೊದಲು ಬೇಕಾದವರು ಅವರೇ.

ಸದ್ಯಕ್ಕೆ ಸ್ಟೆಂಟ್ ಮರೆತು ಭೌತಶಾಸ್ತ್ರ ಹಿಡಿಯಿರಿ. ನೀಟ್‌ನ 720 ಅಂಕಗಳಲ್ಲಿ ಜೀವಶಾಸ್ತ್ರದ 360 ಹೇಗೋ ಒಲಿಯುತ್ತವೆ, ಭೌತಶಾಸ್ತ್ರದ 180 ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ.