ಹಳೇ ಕೇಸು, ಹೊಸ ಅರ್ಜಿ

ನರ್ಸಿಂಗ್ ಓದುವ ಆಸೆಯಿದೆ, ಆದರೆ ಹಿಂದೊಮ್ಮೆ ಕೋರ್ಟಿನಲ್ಲಿ ಶಿಕ್ಷೆಯಾಗಿದೆ, ಮುಂದೆ ಲೈಸೆನ್ಸ್ ಸಿಗುತ್ತದೆಯೇ? ಈ ಪ್ರಶ್ನೆಯನ್ನು ಯಾರೂ ತರಗತಿಯಲ್ಲಿ ಎದ್ದುನಿಂತು ಕೇಳುವುದಿಲ್ಲ. ಎಲ್ಲರೂ ಹೊರಟ ಮೇಲೆ ಬಾಗಿಲ ಹತ್ತಿರ ತಡೆದು ನಿಂತು, ‘ನನ್ನ ಫ್ರೆಂಡ್ ಒಬ್ಬನಿಗೆ ಮೇಡಂ...’ ಎಂದು ಶುರುಮಾಡುತ್ತಾರೆ. ಆ ಫ್ರೆಂಡ್ ಯಾರೆಂದು ನಾನು ಯಾವತ್ತೂ ಕೇಳಿದವಳಲ್ಲ. ಅವರಿಗೆಲ್ಲ ಹೇಳುತ್ತ ಬಂದದ್ದನ್ನೇ ನಿನಗೂ ಹೇಳುತ್ತೇನೆ ಮಗು, ಕುಳಿತು ಕೇಳು.

ಮೊದಲು ನಿನ್ನ ಮೇಲಿರುವುದು ಏನೆಂದು ನಿನಗೇ ಸರಿಯಾಗಿ ಗೊತ್ತಿರಬೇಕು. ಎಫ್‌ಐಆರ್ ಆಗುವುದು ಬೇರೆ, ಚಾರ್ಜ್‌ಶೀಟ್ ಬೇರೆ, ಖುಲಾಸೆ ಬೇರೆ, ಶಿಕ್ಷೆ ಬೇರೆ. ಬಹಳ ಹುಡುಗರು ಎಡವುವುದು ಇಲ್ಲಿಯೇ. ಕುಡಿದು ಗಾಡಿ ಓಡಿಸಿಯೋ, ಇಸ್ಪೀಟಿನ ಅಡ್ಡೆಯಲ್ಲೋ, ಬೀದಿ ಜಗಳದಲ್ಲೋ ಸಿಕ್ಕಿಬಿದ್ದಾಗ ಪಕ್ಕದಲ್ಲಿದ್ದವರು, ‘ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು, ಇವತ್ತೇ ಮುಗಿದುಹೋಗುತ್ತದೆ’ ಎನ್ನುತ್ತಾರೆ. ರಸೀದಿ ಜೇಬಿಗಿಟ್ಟುಕೊಂಡು ಕೋರ್ಟಿನಿಂದ ಹೊರಬಂದವನಿಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಅಪರಾಧ ಸಾಬೀತಾದ ತೀರ್ಪು. ಐನೂರೋ ಸಾವಿರವೋ ದಂಡವಾದರೂ ಅದು ಶಿಕ್ಷೆಯೇ. ಹತ್ತು ವರ್ಷ ಕಳೆದ ಮೇಲೆ ಅರ್ಜಿಯಲ್ಲಿ ‘ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ’ ಎಂದು ಕೇಳುವುದು ಅದನ್ನೇ. ನಿನ್ನ ಕೇಸು ಇನ್ನೂ ನಡೆಯುತ್ತಿದ್ದರೆ, ಒಪ್ಪಿಕೊಳ್ಳುವ ಮೊದಲೇ ವಕೀಲರಿಗೆ ಬಾಯಿಬಿಟ್ಟು ಹೇಳು: ನಾನು ನರ್ಸ್ ಆಗಬೇಕೆಂದಿದ್ದೇನೆ, ಇದರಿಂದ ನೋಂದಣಿಗೆ ತೊಂದರೆಯಾಗುತ್ತದೆಯೇ ಎಂದು. ನೀನು ಹೇಳದೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಹದಿನೆಂಟು ತುಂಬುವ ಮೊದಲಿನ ಮಾತಾದರೆ ಕಾನೂನು ನಿನ್ನ ಪರ ನಿಲ್ಲುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅದರಿಂದ ಮುಂದೆ ಯಾವ ಅನರ್ಹತೆಯೂ ಅಂಟಬಾರದು. ಹದಿನಾರು ದಾಟಿ, ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೆ ಒಳಗಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಬಿಡುಗಡೆಯಾದವರಿಗೂ ಅದರ 12ನೇ ಸೆಕ್ಷನ್ ಆಸರೆಯಾಗುತ್ತದೆ. ಅದು ಅನರ್ಹತೆಯನ್ನು ತೆಗೆಯುತ್ತದೆಯೇ ಹೊರತು ಅಪರಾಧ ಸಾಬೀತಾದದ್ದನ್ನು ಅಳಿಸುವುದಿಲ್ಲ. ಈ ವ್ಯತ್ಯಾಸ ನಿನಗೆ ತಿಳಿದಿರಲಿ.

ಇಷ್ಟೆಲ್ಲ ಕೆದಕುವುದು ಯಾಕೆ ಎಂದು ನಿನಗೆ ಸಿಟ್ಟು ಬರಬಹುದು. ವಾರ್ಡಿಗೆ ಬಾ, ತೋರಿಸುತ್ತೇನೆ. ಆಪರೇಷನ್‌ಗೆ ಒಯ್ಯುವ ಮೊದಲು ಹೆಂಗಸಿನ ತಾಳಿ, ಬಳೆ, ಮೂಗುತಿ ಬಿಚ್ಚಿಸಿ, ಎಣಿಸಿ, ಮನೆಯವರ ಕೈಗೆ ಕೊಟ್ಟು ರುಜು ಹಾಕಿಸಿಕೊಳ್ಳುವವಳು ಸಿಸ್ಟರ್. ಮಾರ್ಫಿನ್ ಇರುವ ಕಪಾಟಿಗೆ ಬೀಗದ ಮೇಲೆ ಬೀಗ, ಕೀಲಿ ಇನ್‌ಚಾರ್ಜ್ ಸಿಸ್ಟರ್ ಕೈಯಲ್ಲಿ. ಅರ್ಧ ಆಂಪೂಲ್ ಕೊಟ್ಟು ಅರ್ಧ ಚೆಲ್ಲಿದರೆ ಅದನ್ನೂ ಬರೆದಿಡಬೇಕು, ಚೆಲ್ಲಿದ್ದನ್ನು ಕಂಡವರು ಪಕ್ಕದಲ್ಲಿ ಸಹಿ ಹಾಕಬೇಕು. ಪ್ರಜ್ಞೆಯಿಲ್ಲದ ಮನುಷ್ಯನ ಮೈಯನ್ನು ನಂಬಿ ಒಪ್ಪಿಸುವ ಕೆಲಸ ಇದು. ಅದಕ್ಕೇ ಕಳ್ಳತನ, ಮಾದಕ ವಸ್ತು, ಲೈಂಗಿಕ ದೌರ್ಜನ್ಯ, ಅಸಹಾಯಕರ ಮೇಲಿನ ಹಲ್ಲೆ ಇಲ್ಲಿ ಬೇರೆ ಕೆಲಸಗಳಿಗಿಂತ ಹೆಚ್ಚು ಭಾರವಾಗುತ್ತವೆ. ಅದು ನ್ಯಾಯವೆಂದೇ ನನ್ನ ಅಭಿಪ್ರಾಯ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಲಾಟೆಯೊಂದರಲ್ಲಿ ದಂಡ ಕಟ್ಟಿದವನನ್ನೂ ಇದೇ ತಕ್ಕಡಿಯಲ್ಲಿ ತೂಗುವುದು ಮಾತ್ರ ನ್ಯಾಯವಲ್ಲ.

ನಮ್ಮ ದೇಶದಲ್ಲಿ ಈ ನಿಯಮಗಳು ಒಂದೇ ಕಡೆ ಇಲ್ಲ. ವೈದ್ಯರ ನಡವಳಿಕೆಯ 2002ರ ನಿಯಮಾವಳಿಯಲ್ಲಿ, ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದರೆ ಅದೇ ದುರ್ನಡತೆ ಎಂದಿದೆ. 1948ರ ಫಾರ್ಮಸಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ವೃತ್ತಿಗೆ ತಕ್ಕವನಲ್ಲ ಎನ್ನಿಸುವಂಥ ಅಪರಾಧದಲ್ಲಿ ಶಿಕ್ಷೆಯಾದವರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಬಹುದು. ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಇದ್ದೇ ಇದೆ. ಆ ವಿಷಯದಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ತೀರ್ಪನ್ನು ನೀನು ತಿಳಿದಿರಬೇಕು. ಅಭ್ಯರ್ಥಿ ಕೊಡುವ ಮಾಹಿತಿ ನಿಜವಿರಬೇಕು, ಮುಚ್ಚಿಡಬಾರದು ಎಂದ ಅದೇ ತೀರ್ಪು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವಾದರೆ ಉದ್ಯೋಗದಾತರು ಅದನ್ನು ಮನ್ನಿಸಬಹುದು ಎಂದೂ ಹೇಳಿತು. ನಿಜ ಹೇಳಿದೆ ಎಂದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೇನೂ ಇಲ್ಲ ಎಂಬುದೂ ಅದರಲ್ಲೇ ಇದೆ.

ನಮ್ಮ ಕಾಲೇಜುಗಳಿಂದ ಹೊರಡುವ ಮಕ್ಕಳಲ್ಲಿ ಎಷ್ಟೋ ಮಂದಿಯ ಕಣ್ಣು ಅಮೆರಿಕದ ಮೇಲಿರುತ್ತದೆ. ಅಲ್ಲಿ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾದರೆ ಸಾಕು ಎಂದುಕೊಳ್ಳಬೇಡ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ನರ್ಸಿಂಗ್ ಮಂಡಳಿ, ಒಂದೊಂದು ರಾಜ್ಯಕ್ಕೂ ಒಂದೊಂದು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 2020ರ ಜುಲೈಯಿಂದ, ಗಂಭೀರ ಅಪರಾಧಗಳನ್ನು ಬಿಟ್ಟರೆ, ಏಳು ವರ್ಷ ದಾಟಿದ ಶಿಕ್ಷೆಯನ್ನು ಮುಂದಿಟ್ಟು ಅರ್ಜಿ ತಳ್ಳಿಹಾಕುವಂತಿಲ್ಲ. ಫ್ಲಾರಿಡಾದಲ್ಲಿ ಕೆಲವು ಘೋರ ಅಪರಾಧಗಳಾದರೆ ಹದಿನೈದು ವರ್ಷದವರೆಗೂ ಬಾಗಿಲು ಮುಚ್ಚಿರುತ್ತದೆ. ಒಂದೇ ಲೈಸೆನ್ಸಿನಲ್ಲಿ ಸುಮಾರು 40 ರಾಜ್ಯಗಳಲ್ಲಿ ದುಡಿಯಲು ಬಿಡುವ ಒಪ್ಪಂದವೊಂದಿದೆ. ಅಲ್ಲಿನವರು ‘ಫೆಲೊನಿ’ ಎನ್ನುವ ದರ್ಜೆಯ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಆ ಸೌಲಭ್ಯವಿಲ್ಲ. ನನಗೆ ಬಹಳ ಮೆಚ್ಚುಗೆಯಾದದ್ದು ಟೆಕ್ಸಾಸಿನ ಪದ್ಧತಿ. ಅಲ್ಲಿ ಕಾಲೇಜು ಸೇರುವ ಮೊದಲೇ ಮಂಡಳಿಗೆ ಅರ್ಜಿ ಹಾಕಿ, ‘ನನ್ನ ಹಿನ್ನೆಲೆ ಹೀಗಿದೆ, ಮುಂದೆ ಲೈಸೆನ್ಸಿಗೆ ನಾನು ಅರ್ಹನೇ’ ಎಂದು ಲಿಖಿತವಾಗಿ ಕೇಳಬಹುದು. ಅಪ್ಪ ಅಮ್ಮ ಹೊಲ ಅಡವಿಟ್ಟು ನಾಲ್ಕು ವರ್ಷ ಫೀಸು ಕಟ್ಟಿದ ಮೇಲೆ ‘ಇಲ್ಲ’ ಎಂದು ಕೇಳಿಸಿಕೊಳ್ಳುವ ಸಂಕಟ ಅದರಿಂದ ತಪ್ಪುತ್ತದೆ. ಇಂಥ ಏರ್ಪಾಡು ಎಲ್ಲ ಕಡೆ ಬರಬೇಕು. ನೀನಂತೂ ಹಣ ಕಟ್ಟುವ ಮೊದಲೇ ನರ್ಸಿಂಗ್ ಪರಿಷತ್ತಿಗೆ ಒಂದು ಪತ್ರ ಬರೆದು ಕೇಳು. ಕಾಲೇಜಿನ ಅಡ್ಮಿಷನ್ ಕೌಂಟರಿನಲ್ಲಿ ಕೂತವರ ಬಾಯಿಮಾತು ನಂಬಬೇಡ.

ಈಗ ನಾನು ಒತ್ತಿ ಹೇಳಬೇಕಾದದ್ದು. ಮುಚ್ಚಿಡಬೇಡ. ‘ಇಲ್ಲ ಅಂತ ಟಿಕ್ ಮಾಡಿ ಸಾರ್, ಯಾರು ನೋಡ್ತಾರೆ’ ಎನ್ನುವ ಏಜೆಂಟರು ಊರಿಗೊಬ್ಬರಿದ್ದಾರೆ. ಅಮೆರಿಕದ ಮಂಡಳಿಗಳು ಹತ್ತೂ ಬೆರಳಿನ ಅಚ್ಚು ತರಿಸಿಕೊಂಡು ಎಫ್‌ಬಿಐ ದಾಖಲೆಯವರೆಗೆ ಹುಡುಕುತ್ತವೆ. ಇಲ್ಲಿಂದ ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಬೇಕಾದರೆ ನಿನ್ನ ಠಾಣೆಯವರೇ ವರದಿ ಬರೆಯಬೇಕು. ಕೊನೆಗೆ ಫಾರ್ಮಿನ ಕೆಳಗಿರುವುದು ಏಜೆಂಟನ ಸಹಿಯಲ್ಲ, ನಿನ್ನದು. ಹಳೇ ತಪ್ಪನ್ನು ಮಾಡಿದವನು ಹತ್ತೊಂಬತ್ತರ ಹುಡುಗ. ಸುಳ್ಳು ಬರೆದವನು ಇವತ್ತಿನ ನೀನು. ಮಂಡಳಿಯವರು ಹುಡುಗನನ್ನು ಕ್ಷಮಿಸಬಹುದು. ಔಷಧಿಯ ಚಾರ್ಟಿನಲ್ಲೂ ಇವನು ಹೀಗೆಯೇ ಬರೆದಾನು ಎಂಬ ಅನುಮಾನವನ್ನು ದಾಟುವುದು ಕಷ್ಟ. ಹಾಗೆಂದು ಕೇಳದ್ದನ್ನೆಲ್ಲ ಹೇಳಿಕೊಂಡು ಬರಬೇಕಿಲ್ಲ. ಪ್ರಶ್ನೆಯನ್ನು ಅಕ್ಷರ ಬಿಡದೆ ಓದು. ಕೆಲವರು ಶಿಕ್ಷೆಯನ್ನಷ್ಟೇ ಕೇಳುತ್ತಾರೆ, ಕೆಲವರು ಬಂಧನ, ಬಾಕಿಯಿರುವ ಕೇಸು, ತಪ್ಪೊಪ್ಪಿಗೆ ಎಲ್ಲವನ್ನೂ ಕೇಳುತ್ತಾರೆ.

ತೀರ್ಪಿನ ದೃಢೀಕೃತ ನಕಲನ್ನು ಈಗಲೇ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ತೆಗೆಸಿಡು. ವರ್ಷಗಳು ಕಳೆದಷ್ಟೂ ಹಳೇ ಕಡತ ಹುಡುಕಿಸುವುದು ಕಷ್ಟ. ದಂಡ ಕಟ್ಟಿದ ರಸೀದಿ, ಕುಡಿತ ಬಿಡಲು ಚಿಕಿತ್ಸೆ ಪಡೆದಿದ್ದರೆ ಅದರ ಕಾಗದ, ದುಡಿದ ಜಾಗದವರ ಪತ್ರ, ಎಲ್ಲ ಒಂದು ಫೈಲಿನಲ್ಲಿರಲಿ. ಮಂಡಳಿಯವರು ನೋಡುವುದು ಅಪರಾಧ ಎಂಥದ್ದು, ಆಗ ವಯಸ್ಸೆಷ್ಟು, ಎಷ್ಟು ವರ್ಷವಾಯಿತು, ಆಮೇಲೆ ಹೇಗೆ ಬದುಕಿದ್ದಾನೆ ಎಂಬುದನ್ನು. ಒಂದು ವೇಳೆ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆ, ಮೇಲ್ಮನವಿಯ ಗಡುವು ನೋಡು. ಷರತ್ತು ಹಾಕಿ ಲೈಸೆನ್ಸ್ ಕೊಡುವ ಮಂಡಳಿಗಳೂ ಇವೆ.

ಅರ್ಜಿಯ ಜೊತೆಗಿನ ವಿವರಣೆಯ ಪತ್ರವನ್ನು ಮಾತ್ರ ಇನ್ನೊಬ್ಬರ ಕೈಯಲ್ಲಿ ಬರೆಸಬೇಡ. ಏನಾಯಿತು, ನೀನು ಏನು ಮಾಡಿದೆ, ಯಾರಿಗೆ ನೋವಾಯಿತು, ಆಮೇಲೆ ಏನು ಬದಲಾಯಿತು ಎಂಬುದನ್ನು ನಿನ್ನ ಮಾತಿನಲ್ಲೇ ಬರೆ. ಬರೆದು ಮುಗಿಸಿ ನನ್ನ ಹತ್ತಿರ ತಾ. ತಪ್ಪನ್ನು ಗೆಳೆಯರ ತಲೆಗೆ ಕಟ್ಟಿದ ಸಾಲುಗಳಿದ್ದರೆ ಅವಕ್ಕೆ ಗೆರೆ ಎಳೆದು ಕೊಡುತ್ತೇನೆ, ಇನ್ನೊಮ್ಮೆ ಬರೆಯುವೆಯಂತೆ.