ಬಸಿರಿಗೆ ಮುಂಚಿನ ತಿಂಗಳುಗಳು

ದಾವಣಗೆರೆಯ ಬೆಣ್ಣೆ ದೋಸೆ ಬೇಯುವುದು ಸೌದೆ ಒಲೆಯ ಮೇಲೆ. ಒಲೆ ಸೊಂಟದೆತ್ತರ, ಮೇಲೆ ಅಗಲವಾದ ಕಬ್ಬಿಣದ ಕಾವಲಿ. ಬೆಳಗಿನ ಜಾವ ಬೆಂಕಿ ಹೊತ್ತಿತೆಂದರೆ ಗಿರಾಕಿ ಕರಗುವವರೆಗೆ ಆರುವುದಿಲ್ಲ. ನಮ್ಮನೆಯವರು ಮೀಸೆ ಚಿಗುರುವ ವಯಸ್ಸಿನಿಂದ ಆ ಒಲೆಯ ಮುಂದೆ ನಿಂತವರು. ಮದುವೆಯಾಗಿ ವರ್ಷ ದಾಟಿದರೂ ಬಸಿರು ನಿಲ್ಲದಿದ್ದಾಗ ನೆಂಟರ ಕಣ್ಣೆಲ್ಲ ನನ್ನ ಹೊಟ್ಟೆಯ ಮೇಲಿತ್ತು. ಡಾಕ್ಟರಮ್ಮ ಮಾತ್ರ ನನ್ನನ್ನು ನೋಡಿ ಮುಗಿಸಿದ ಮೇಲೆ ಅವರ ಕಡೆ ತಿರುಗಿ, "ನೀವೇನು ಕೆಲಸ ಮಾಡ್ತೀರಿ?" ಎಂದರು. ಒಲೆಯ ಮಾತು ಬಂದದ್ದು ಆಗಲೇ.

ವೀರ್ಯ ಚೆನ್ನಾಗಿ ತಯಾರಾಗಬೇಕಾದರೆ ವೃಷಣಗಳು ಮೈಯ ಶಾಖಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕಂತೆ. ಅವು ದೇಹದ ಹೊರಗೆ ಇಳಿಬಿದ್ದಿರುವುದೇ ಅದಕ್ಕೆ. ದಿನವಿಡೀ ಭಟ್ಟಿಯ ಮುಂದೆ ನಿಲ್ಲುವವರು, ವೆಲ್ಡಿಂಗ್ ಮಾಡುವವರು, ಬಿಸಿ ಸೀಟಿನ ಮೇಲೆ ದೂರದೂರದ ಲಾರಿ ಓಡಿಸುವವರು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವರು, ಇವರನ್ನೆಲ್ಲ ಕೆಲಸದ ಬಗ್ಗೆ ಕೇಳಿಯೇ ಕೇಳುತ್ತೇನೆ ಎಂದರು ಡಾಕ್ಟರಮ್ಮ. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಆದರೂ ನಮ್ಮ ಕಡೆ ಹೆಂಡತಿಗೆ ಸ್ಕ್ಯಾನ್, ರಕ್ತ ಪರೀಕ್ಷೆ, ಕಷಾಯ, ಹರಕೆ ಎಲ್ಲ ಮುಗಿದ ಮೇಲೆ, ಕೊನೆಗೆ ಯಾರೋ ಧೈರ್ಯ ಮಾಡಿ ಗಂಡನ ಹೆಸರೆತ್ತುತ್ತಾರೆ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಅದು ಮೊದಲ ವಾರದಲ್ಲೇ ಆಗಬೇಕಾದ ಕೆಲಸ ಎಂದು ನಾನು ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಮ್ಮನೆಯವರು ಹೋಗಿ ಪರೀಕ್ಷೆಗೆ ಕೊಟ್ಟು ಬಂದರು. ಲ್ಯಾಬಿನಲ್ಲಿ ಅದಕ್ಕೆಂದು ಒಂದು ಕೋಣೆ ಇರಲಿಲ್ಲ; ಎಲ್ಲರೂ ಓಡಾಡುವ ಕಡೆಯ ಶೌಚಾಲಯವನ್ನೇ ತೋರಿಸಿದರು. ಆ ಮುಜುಗರ ಅವರ ಮುಖದಲ್ಲಿ ಎರಡು ದಿನ ಇತ್ತು. ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ 2021ರ ಕೈಪಿಡಿಯಲ್ಲಿ ಕೊಟ್ಟಿರುವ ಕೆಳಗಿನ ಗೆರೆ. ಅವರದು ಅದಕ್ಕಿಂತ ಕೆಳಗಿತ್ತು, ಚಲನೆಯೂ ಮಂದ. ಒಂದೇ ರಿಪೋರ್ಟ್ ನಂಬಿ ಏನನ್ನೂ ತೀರ್ಮಾನಿಸಬಾರದು, ಜ್ವರ ಬಂದು ಹೋಗಿದ್ದರೂ ಲೆಕ್ಕ ಇಳಿಯುತ್ತದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ವೃಷಣದ ರಕ್ತನಾಳ ಊದಿಕೊಂಡಿದೆಯೇ ಎಂದು ಪರೀಕ್ಷಿಸಿ, ಇಲ್ಲವೆಂದಾದ ಮೇಲೆ ಮೂರು ತಿಂಗಳ ಗಡುವು ಕೊಟ್ಟರು. ವೀರ್ಯಾಣು ಹುಟ್ಟಿ ಬಲಿಯಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಇವತ್ತು ಬಿಟ್ಟ ತಂಬಾಕಿನ ಫಲ ನಾಳೆಯ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಹದಿನೈದು ದಿನ ಪಥ್ಯ ಮಾಡಿ "ಏನೂ ಆಗಲಿಲ್ಲ" ಎಂದು ಕೈಬಿಡುವವರಿಗೆ ಈ ಲೆಕ್ಕವನ್ನು ಮೊದಲೇ ಯಾರಾದರೂ ಹೇಳಬೇಕು.

ಒಲೆಗೆ ಮೈದುನ ಬಂದ. ಇವರು ಗಲ್ಲಾಪೆಟ್ಟಿಗೆ, ಹಿಟ್ಟು ಹದ ಮಾಡುವುದು, ಚಟ್ನಿ ನೋಡಿಕೊಂಡರು. ಗಿರಾಕಿ ತೀರಾ ಹೆಚ್ಚಿದಾಗ ಮಾತ್ರ ಸ್ವಲ್ಪ ಹೊತ್ತು ಕಾವಲಿಯ ಹತ್ತಿರ. ಅಡಿಕೆ ಸೀಮೆಯ ನಮಗೆ ಎಲೆ-ಅಡಿಕೆ ಹೊಸದಲ್ಲ, ಅದರ ಜೊತೆಗಿದ್ದ ತಂಬಾಕನ್ನು ಬಿಡುವುದೇ ಕಷ್ಟವಾಯಿತು. ಮೊದಲ ವಾರ ಸಿಡಿಸಿಡಿ ಎನ್ನುತ್ತಿದ್ದರು, ನಿದ್ದೆ ಕೆಟ್ಟಿತು. ಬಾಯಿಗೆ ಲವಂಗ, ಸೋಂಪು ಹಾಕಿಕೊಂಡು ದಾಟಿದರು. ಬಿಗಿ ಪ್ಯಾಂಟು ಬಿಟ್ಟು ಮನೆಯಲ್ಲಿ ಲುಂಗಿ. ಮುಂದಿನ ರಿಪೋರ್ಟಿನಲ್ಲಿ ಲೆಕ್ಕ ಗೆರೆ ದಾಟಿತ್ತು. ಒಲೆ ಬಿಟ್ಟದ್ದರಿಂದಲೋ ತಂಬಾಕು ಬಿಟ್ಟದ್ದರಿಂದಲೋ ಬಿಡಿಸಿ ಹೇಳಲಾಗದು, ಎರಡನ್ನೂ ಒಟ್ಟಿಗೇ ಬಿಟ್ಟಿದ್ದರು. ಜಿಮ್ಮಿಗೆ ಹೋಗುವ ಹುಡುಗರ ತಾಯಂದಿರು ಒಂದು ಮಾತು ಗಮನದಲ್ಲಿಡಬೇಕು: ಗಂಡಸುತನ ಹೆಚ್ಚಲಿ ಎಂದು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವೀರ್ಯಾಣು ಹುಟ್ಟುವುದನ್ನೇ ನಿಲ್ಲಿಸಿಬಿಡಬಲ್ಲದು.

ಇನ್ನು ನನ್ನ ಕಡೆಯದು. ಮುಟ್ಟು ನಲವತ್ತು, ನಲವತ್ತೈದು ದಿನಕ್ಕೊಮ್ಮೆ ಬರುತ್ತಿತ್ತು. ಸ್ಕ್ಯಾನ್, ಹಾರ್ಮೋನ್ ಪರೀಕ್ಷೆ ಎರಡೂ ಪಿಸಿಓಎಸ್ ಎಂದವು, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡ ಬಿಡುಗಡೆ ತಪ್ಪುವ ತೊಂದರೆ. ತೂಕ ಹೆಚ್ಚಿರುವವರಲ್ಲಿ ಅದರ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಜನರಿಗೆ ಅಂಡ ಬಿಡುಗಡೆ ತಾನಾಗಿ ಸರಿಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಜೀವ ಬಂದಂತಾಯಿತು. 70 ಕಿಲೋ ಇರುವವರು ನಾಲ್ಕು ಕಿಲೋ ಇಳಿಸಿದರೂ ಫಲ ಕಾಣಬಹುದು. ಸಂಜೆಯ ಒಗ್ಗರಣೆ ಮಂಡಕ್ಕಿ-ಮಿರ್ಚಿ ವಾರಕ್ಕೊಮ್ಮೆಗೆ ಇಳಿಯಿತು. ರಾತ್ರಿಯ ಅನ್ನದ ಜಾಗಕ್ಕೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ ಸೊಪ್ಪು, ಶೇಂಗಾ ಚಟ್ನಿಪುಡಿ ಬಂದವು. ಸಕ್ಕರೆ ಟೀ ದಿನಕ್ಕೆರಡು ಲೋಟಕ್ಕೆ ನಿಂತಿತು. ಹಸಿದು ಕೂತಿರಲಿಲ್ಲ. ಉಪವಾಸ ಕೂತು ಸರಸರನೆ ಇಳಿಸಿದರೆ ಮುಟ್ಟೇ ಏರುಪೇರಾಗುತ್ತದೆ ಎಂದು ಎಚ್ಚರಿಸಿದ್ದರು. ಬೆಳಿಗ್ಗೆ, ಸಂಜೆ ಕುಂದುವಾಡ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆಯುತ್ತಿದ್ದೆ. ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಕೆಲವೊಮ್ಮೆ ನಮ್ಮನೆಯವರೂ ಸಂಜೆಯ ನಡಿಗೆಗೆ ಬರುತ್ತಿದ್ದರು. ಮದುವೆಯಾದ ಮೇಲೆ ನಾವಿಬ್ಬರೇ ಅಷ್ಟು ಮಾತಾಡಿದ್ದು ಆ ಏರಿಯ ಮೇಲೆ.

ಮುಟ್ಟಾದ ಹದಿನಾಲ್ಕನೇ ದಿನವೇ ಅಂಡ ಬಿಡುಗಡೆಯಾಗುತ್ತದೆ ಎಂದು ಓರಗೆಯ ಹೆಣ್ಣುಮಕ್ಕಳೆಲ್ಲ ನಂಬಿದ್ದೆವು. 28 ದಿನದ ಋತುಚಕ್ರದವರಿಗೆ ಅದು ಹೆಚ್ಚುಕಡಿಮೆ ಸರಿ. ನಿಜವಾಗಿ ಎಣಿಸಬೇಕಾದದ್ದು ಹಿಂದಿನಿಂದ: ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಅಂಡ ಹೊರಬರುತ್ತದೆ. 42 ದಿನದ ಚಕ್ರವಾದರೆ ಅದು 28ನೇ ದಿನದ ಆಸುಪಾಸು. ಹದಿನಾಲ್ಕನೇ ದಿನ ಹಿಡಿದು ಕೂತವರಿಗೆ ಆ ಹೊತ್ತು ಕೈಗೇ ಸಿಗುವುದಿಲ್ಲ. ಮೈ ತಾನೇ ಒಂದು ಗುರುತು ಕೊಡುತ್ತದೆ. ಬೇರೆ ದಿನಗಳಲ್ಲಿ ಅಂಟಂಟಾಗಿಯೋ ಮಂದವಾಗಿಯೋ ಇರುವ ಬಿಳಿಸ್ರಾವ ಆ ನಾಲ್ಕಾರು ದಿನ ಹಸಿ ಮೊಟ್ಟೆಯ ಬಿಳಿ ಲೋಳೆಯಂತೆ ತಿಳಿಯಾಗುತ್ತದೆ, ಹೆಬ್ಬೆರಳು ತೋರುಬೆರಳ ನಡುವೆ ಎಳೆದರೆ ಕಡಿಯದೆ ಎಳೆಯಾಗಿ ನಿಲ್ಲುತ್ತದೆ. ಸ್ರಾವವೆಂದರೆ ಕಾಯಿಲೆ, ನಾಚಿಕೆ ಎಂದೇ ಬೆಳೆದ ನನಗೆ ಅದನ್ನು ಮೊದಲ ಸಲ ಗುರುತಿಸಿದ ದಿನ ನನ್ನ ಮೈ ನನಗೆ ಹತ್ತಿರವಾಯಿತು. ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಕಾಯಬಲ್ಲದು. ಅಂದರೆ ಅಂಡ ಬರುವ ದಿನವೂ ಸೇರಿ ಹಿಂದಿನ ಆರು ದಿನವೇ ಬಸಿರು ನಿಲ್ಲುವ ಕಾಲ. ಹಾಗೆಂದು ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕಾದ ಗಂಡನನ್ನು "ಇವತ್ತೇ ಆಗಬೇಕು" ಎಂದು ಪೀಡಿಸಿದರೆ ಇಬ್ಬರಿಗೂ ಅದೊಂದು ಕೂಲಿ ಕೆಲಸವಾಗುತ್ತದೆ. ತಿಂಗಳುದ್ದಕ್ಕೂ ಎರಡು-ಮೂರು ದಿನಕ್ಕೊಮ್ಮೆ ಕೂಡಿದರೆ ಆ ಕಾಲ ತಪ್ಪುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ನಮ್ಮನ್ನು ಉಳಿಸಿತು.

ಸೊಪ್ಪು ತಿಂದರೆ ಸಾಕು, ಗುಳಿಗೆ ಯಾಕೆ ಎಂದು ಅತ್ತೆ ಕೇಳುತ್ತಿದ್ದರು. ಫೋಲಿಕ್ ಆಸಿಡ್ ವಿಷಯದಲ್ಲಿ ನಾನು ಅವರ ಮಾತು ಕೇಳಲಿಲ್ಲ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ತಾವು ಬಸಿರೆಂದೇ ಗೊತ್ತಿರುವುದಿಲ್ಲ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಗುಳಿಗೆಯನ್ನು ಕನಿಷ್ಠ ಒಂದು ತಿಂಗಳು ಮುಂಚಿನಿಂದ ತಿನ್ನಬೇಕು. ಹಿಂದೆ ಅಂಥ ತೊಂದರೆಯ ಮಗು ಹುಟ್ಟಿದ್ದರೆ ಪ್ರಮಾಣ ಇನ್ನೂ ಹೆಚ್ಚು, ಅದನ್ನು ವೈದ್ಯರೇ ಹೇಳಬೇಕು. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿದೆವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿತ್ತು. ಬಸಿರಾದ ಮೇಲೆ ರಕ್ತ ತುಂಬಿಸುವುದಕ್ಕಿಂತ ಮುಂಚೆಯೇ ತುಂಬಿಸಿಕೊಳ್ಳುವುದು ಎಷ್ಟೋ ಸುಲಭ. ರುಬೆಲ್ಲಾ ಲಸಿಕೆ ಆಗಿರದಿದ್ದರೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು.

ಪಕ್ಕದ ಮನೆಯ ಅಜ್ಜಿ ಹಲವು ಮಕ್ಕಳ ತಾಯಿ ಬೇರು, ಅಂದರೆ ಶತಾವರಿ, ತಂದುಕೊಟ್ಟರು. ಆಕೆಯ ಪ್ರೀತಿ ದೊಡ್ಡದು. ಡಾಕ್ಟರಮ್ಮನಿಗೆ ತೋರಿಸಿ, ಕೇಳಿಯೇ ಬಳಸಿದೆ. ನೆಂಟರೊಬ್ಬರು ತಂದ, ಹೆಸರು ಚೀಟಿ ಏನೂ ಇಲ್ಲದ ಭಸ್ಮದ ಪೊಟ್ಟಣವನ್ನು ಮಾತ್ರ ಬಿಚ್ಚಲಿಲ್ಲ. ಇಂಥ ಕೆಲವು ಭಸ್ಮಗಳಲ್ಲಿ ಸೀಸ ಸಿಕ್ಕಿರುವುದುಂಟು. ಸೀಸ ವೀರ್ಯವನ್ನೂ ಕೆಡಿಸುತ್ತದೆ, ಹೊಟ್ಟೆಯ ಮಗುವಿನ ಮಿದುಳನ್ನೂ ಕೆಡಿಸುತ್ತದೆ. ಅತ್ತೆಯ ಜೊತೆ ಉಚ್ಚಂಗಿದುರ್ಗದ ಮೆಟ್ಟಿಲು ಹತ್ತಿ ಹರಕೆಯನ್ನೂ ಹೊತ್ತೆ. ದೇವರ ಮುಂದೆ ನಿಂತಾಗ ಮನಸ್ಸು ಹಗುರಾದದ್ದು ನಿಜ.

ನನಗೀಗ ಮಗಳಿದ್ದಾಳೆ. ಆದರೆ ಇದನ್ನು ಬರೆಯುವಾಗ ಹೆಚ್ಚು ನೆನಪಾಗುವುದು ನನ್ನ ಓರಗಿತ್ತಿ. ಆಕೆಯ ಮುಟ್ಟು ದಿನ ತಪ್ಪುತ್ತಿರಲಿಲ್ಲ, ತೂಕ ಸರಿ, ಊಟ ಸರಿ. ವರ್ಷಗಟ್ಟಲೆ ಕಷಾಯ ಕುಡಿದಳು, ಅಮಾವಾಸ್ಯೆ ತಪ್ಪದೆ ಅರಳಿ ಮರ ಸುತ್ತಿದಳು. ಕೊನೆಗೆ ಬಣ್ಣದ ದ್ರವ ಹಾಯಿಸಿ ಎಕ್ಸ್‌ರೇ ತೆಗೆದಾಗ ಎರಡೂ ಗರ್ಭನಾಳ ಮುಚ್ಚಿದ್ದವು. ಯಾವತ್ತೋ ಸದ್ದಿಲ್ಲದೆ ಬಂದು ಹೋದ ಕ್ಷಯ. ನಮ್ಮ ದೇಶದಲ್ಲಿ ಇದು ಅಪರೂಪದ ಕಾರಣವೇನಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ಗೊತ್ತಾಗುವುದೇ ಇಲ್ಲ. ಮುಚ್ಚಿದ ನಾಳವನ್ನು ಯಾವ ಬೇರೂ ಯಾವ ಪಥ್ಯವೂ ತೆರೆಯಲಾರದು. ಅಷ್ಟರಲ್ಲಿ ಆಕೆಗೆ 37 ಆಗಿತ್ತು, ಅಂಡಗಳ ಸಂಖ್ಯೆ ಇಳಿದಿತ್ತು. ಐವಿಎಫ್ ಫಲಿಸಲಿಲ್ಲ. ಆಕೆ ಮಾಡಿದ ಪಥ್ಯದಲ್ಲಿ ದೋಷವೇನೂ ಇರಲಿಲ್ಲ, ಪರೀಕ್ಷೆ ಅದಕ್ಕಿಂತ ಮೊದಲು ಆಗಬೇಕಿತ್ತು, ಅಷ್ಟೆ. ಈಗ ಗಂಡಹೆಂಡಿರು ದತ್ತು ಪಡೆಯಲು ಹೆಸರು ನೋಂದಾಯಿಸಿ ಕಾಯುತ್ತಿದ್ದಾರೆ.

ಆದ್ದರಿಂದ ನಮ್ಮ ಓಣಿಯ ಹುಡುಗಿಯೊಬ್ಬಳು ಮೊನ್ನೆ "ಅಕ್ಕಾ, ಆ ಬೇರು ಎಲ್ಲಿ ಸಿಗ್ತೈತಿ?" ಎಂದು ಕೇಳಿದಾಗ ಮೊದಲು ವಯಸ್ಸು ಕೇಳಿದೆ. 35ರ ಒಳಗಿದ್ದರೆ ಒಂದು ವರ್ಷ ನೋಡಬಹುದು, ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು. ಮುಟ್ಟು ತಪ್ಪುತ್ತಿದ್ದರೆ, ಕ್ಷಯ ಆಗಿದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ ಅಷ್ಟೂ ಕಾಯುವಂತಿಲ್ಲ. ಅವಳಿಗೆ 29, ಮದುವೆಯಾಗಿ ಎರಡು ವರ್ಷ. ಬೇರಿನ ಮಾತು ಆಮೇಲೆ ಆಡೋಣ, ಮೊದಲು ಗಂಡನನ್ನು ಕರೆದುಕೊಂಡು ಹೋಗು ಎಂದೆ. ಪರೀಕ್ಷೆಗೆ ಮುಂಚೆ ಎರಡರಿಂದ ಏಳು ದಿನ ಕೂಡಬಾರದು, ಹತ್ತಿರದಲ್ಲಿ ಜ್ವರ ಬಂದಿದ್ದರೆ ಹೇಳಬೇಕು, ಲ್ಯಾಬಿನಲ್ಲಿ ಬೇರೆ ಕೋಣೆ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಬೇಕು. ಫೋಲಿಕ್ ಆಸಿಡನ್ನು ಆ ದಿನದಿಂದಲೇ ಶುರು ಮಾಡಲು ಹೇಳಿದೆ.