ಒತ್ತಕ್ಷರವನ್ನು ಕೂರಿಸುವ ಲೈಬ್ರರಿ

ಪ್ರೀತಿಯ ಪುಟ್ಟಿಗೆ,



ನಿನ್ನ ಮೆಸೇಜು ಓದಿದೆ. ರಜೆಯಲ್ಲಿ ಹಾರ್ಫ್‌ಬಜ್ ಲೈಬ್ರರಿಯನ್ನು ಬಿಲ್ಡ್ ಮಾಡಲು ಕುಳಿತೆ, ಲೈಬ್ರರಿಯೇನೋ ಆಯಿತು, ಆದರೆ ಹೆಚ್‌ಬಿ-ಶೇಪ್ ಎಂಬ ಪ್ರೋಗ್ರಾಮ್ ಎಲ್ಲಿಯೂ ಕಾಣಲಿಲ್ಲ ಎಂದಿದ್ದೀಯ. ವಿಂಡೋಸ್‌ನಲ್ಲಿ ಇದೆಲ್ಲ ಆಗುವ ಕೆಲಸವಲ್ಲ ಎಂದು ಗೆಳೆಯರು ಹೇಳಿದರಂತೆ. ಲಿನಕ್ಸ್ ಹಾಕಿಕೊಳ್ಳಲಾ, ಇಲ್ಲವೇ ಯಾರೋ ಮಾಡಿಟ್ಟ ಡಿಎಲ್‌ಎಲ್ ಇಳಿಸಿಕೊಳ್ಳಲಾ ಎಂದು ಕೇಳಿದ್ದೀಯ. ಸದ್ಯಕ್ಕೆ ಎರಡೂ ಬೇಡ. ನಿನ್ನ ಹತ್ತಿರ ಇರುವ ಕಂಪ್ಯೂಟರಿನಲ್ಲೇ, ವಿಂಡೋಸ್‌ನಲ್ಲೇ, ನಿನ್ನ ಕೈಯಿಂದಲೇ ಅದನ್ನು ಕಂಪೈಲ್ ಮಾಡು. ಯಾಕೆಂಬುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಪತ್ರ.

ಮೊದಲು ನೀನು ಕೈಹಾಕಿರುವುದು ಎಂಥ ಕೆಲಸಕ್ಕೆ ಎಂಬುದು ತಿಳಿದಿರಲಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾಗಿರುವುದು 128 ಸಂಕೇತಗಳ ಜಾಗ. ಅಲ್ಲಿ ಕ ಇದೆ, ಷ ಇದೆ, ವ್ಯಂಜನದ ಅಕಾರವನ್ನು ತೆಗೆಯುವ ವಿರಾಮ ಚಿಹ್ನೆ ಇದೆ. ಕ್ಷ ಇಲ್ಲ, ಸ್ತ್ರೀ ಇಲ್ಲ, ಒಂದೇ ಒಂದು ಒತ್ತಕ್ಷರವೂ ಇಲ್ಲ. ಅರ್ಕಾವತ್ತಿಗೆ ಪ್ರತ್ಯೇಕ ಸಂಕೇತವೇ ಇಲ್ಲ. ನೀನು ಟೈಪ್ ಮಾಡಿದ್ದು ಕಡತದಲ್ಲಿ ಉಳಿಯುವುದು ಬರೀ ಸಂಕೇತಗಳ ಸಾಲಾಗಿ. ಆ ಸಾಲನ್ನು ಹಿಡಿದು, ಫಾಂಟಿನೊಳಗಿರುವ ಓಪನ್‌ಟೈಪ್ ನಿಯಮಗಳನ್ನು ಓದಿ, ಯಾವ ಗ್ಲಿಫ್ ಯಾವುದರ ಕೆಳಗೆ, ಯಾವುದರ ಪಕ್ಕದಲ್ಲಿ ಕೂರಬೇಕೆಂದು ಯಾರೋ ತೀರ್ಮಾನ ಮಾಡಬೇಕು. ಈ ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಹಾರ್ಫ್‌ಬಜ್ ಮಾಡುವುದು ಅದನ್ನೇ.

ವಿಂಡೋಸ್‌ಗೆ ತನ್ನದೇ ಶೇಪರ್ ಇದೆ. ಹಿಂದೆ ಯೂನಿಸ್ಕ್ರೈಬ್ ಇತ್ತು, ಆಮೇಲೆ ಡೈರೆಕ್ಟ್‌ರೈಟ್ ಬಂತು. ಆದರೆ ನೀನು ಕ್ರೋಮ್‌ನಲ್ಲೋ ಫೈರ್‌ಫಾಕ್ಸ್‌ನಲ್ಲೋ ಕನ್ನಡ ಓದುವಾಗ, ವಿಂಡೋಸ್ ಮೇಲೂ ಅಕ್ಷರಗಳನ್ನು ಜೋಡಿಸುತ್ತಿರುವುದು ಹಾರ್ಫ್‌ಬಜ್. ಲಿಬ್ರೆಆಫೀಸ್ 2017ರಲ್ಲಿ ಬಂದ 5.3 ಆವೃತ್ತಿಯಿಂದ ಎಲ್ಲ ಕಂಪ್ಯೂಟರುಗಳಲ್ಲೂ ಇದನ್ನೇ ನಂಬಿಕೊಂಡಿದೆ. ಅಮ್ಮನ ಆಂಡ್ರಾಯ್ಡ್ ಫೋನಿನಲ್ಲಿ ಮೂಡುವ ಕನ್ನಡವೂ ಇದರದ್ದೇ ಕೆಲಸ.

ನಾನು ಅಚ್ಚುಮನೆಯಿಂದ ಸಾಫ್ಟ್‌ವೇರಿಗೆ ಬಂದವನು. ನಾವು ಕಂಪ್ಯೂಟರಿನಲ್ಲಿ ಪುಟ ಕಟ್ಟಲು ಶುರುಮಾಡಿದ ಕಾಲದ ಫಾಂಟುಗಳಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿಸಿಡುತ್ತಿದ್ದರು. ಒಂದು ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆದುಕೊಳ್ಳುತ್ತಿರಲಿಲ್ಲ, ಹುಡುಕಿದರೆ ಪದ ಸಿಗುತ್ತಿರಲಿಲ್ಲ. ಒತ್ತು ತಪ್ಪಾಗಿ ಕೂತರೆ ಆ ಕಂಪನಿಯವರು ಮುಂದಿನ ಆವೃತ್ತಿ ತರುವವರೆಗೆ ಕಾಯಬೇಕಿತ್ತು. ಇಂದು ಹಾರ್ಫ್‌ಬಜ್‌ನ ಕೋಡು ನಿನ್ನ ಮುಂದೆ ತೆರೆದಿದೆ. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಅದನ್ನು ಕಟ್ಟುವವರಿಗೆ ಒಪ್ಪಿಸಲೂಬಹುದು. ಆದರೆ ನಿನ್ನ ಯಂತ್ರದಲ್ಲಿ ಅದು ಕಂಪೈಲ್ ಆಗದೆ ಆ ಸ್ವಾತಂತ್ರ್ಯ ನಿನ್ನ ಕೈಗೆ ಬರುವುದಿಲ್ಲ ಕಂದ. ಬಿಲ್ಡ್ ಮಾಡುವುದನ್ನು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಈಗ ನಿನ್ನ ಕಷ್ಟಕ್ಕೆ ಬರೋಣ. ಲಿನಕ್ಸಿನಲ್ಲಿ ಹೆಡರ್ ಕಡತಗಳಿಗೆ ಗೊತ್ತಾದ ಒಂದು ಫೋಲ್ಡರ್, ಲೈಬ್ರರಿಗಳಿಗೆ ಗೊತ್ತಾದ ಇನ್ನೊಂದು. ಬೇಕಾದ್ದನ್ನು ಪ್ಯಾಕೇಜ್ ಮ್ಯಾನೇಜರ್ ತಂದು ಅಲ್ಲೇ ಇಡುತ್ತದೆ, ಕಂಪೈಲರ್ ಅಲ್ಲೇ ಹುಡುಕುತ್ತದೆ. ವಿಂಡೋಸ್‌ನಲ್ಲಿ ಎಲ್ಲರೂ ಒಪ್ಪಿದ ಅಂಥ ಜಾಗ ಇಲ್ಲ, ಕಂಪೈಲರ್ ಕೂಡ ಅದರ ಜೊತೆಗೆ ಬರುವುದಿಲ್ಲ. ಓಪನ್ ಸೋರ್ಸ್ ಕೋಡು ಹೆಚ್ಚಾಗಿ ಯೂನಿಕ್ಸ್ ಮಾದರಿಯ ಯಂತ್ರಗಳಲ್ಲಿ ಹುಟ್ಟಿ ಬೆಳೆದದ್ದು, ಆ ಜಾಗಗಳಿವೆ ಎಂದೇ ಅದು ನಂಬುತ್ತದೆ. ವಿಂಡೋಸ್‌ನಲ್ಲಿ ನಿನಗೆ ಎದುರಾಗುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಒಂದೇ ಕಾರಣದಿಂದ ಬರುವಂಥವು. ಯಾವುದು ಎಲ್ಲಿದೆ ಎಂಬುದನ್ನು ನೀನೇ ಹೇಳಿಕೊಡಬೇಕು, ಅಷ್ಟೆ.

ಲೈಬ್ರರಿಯನ್ನು ಒಮ್ಮೆ ಕಟ್ಟಿದ್ದೀಯ, ಆದರೂ ಏನೂ ತಪ್ಪಿಹೋಗದಿರಲೆಂದು ಮೊದಲಿನಿಂದ ಹೇಳುತ್ತೇನೆ. ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಹಾಕಿಕೊಂಡಿದ್ದೀಯ, ಸಿ ಪ್ಲಸ್ ಪ್ಲಸ್ ಭಾಗವನ್ನೂ ಆರಿಸಿದ್ದೀಯ, ಸರಿ. ಆದರೆ ಸಾಮಾನ್ಯ ಕಮಾಂಡ್ ಪ್ರಾಂಪ್ಟ್ ತೆರೆದು ಕಂಪೈಲರಿನ ಹೆಸರಾದ ಸಿಎಲ್ ಎಂದು ಟೈಪ್ ಮಾಡಿದರೆ ಅಂಥ ಕಮಾಂಡೇ ಇಲ್ಲ ಎನ್ನುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಎಕ್ಸ್64 ನೇಟಿವ್ ಟೂಲ್ಸ್ ಕಮಾಂಡ್ ಪ್ರಾಂಪ್ಟ್ ಎಂದಿರುತ್ತದೆ, ಅದನ್ನು ತೆರೆ. ಕಂಪೈಲರ್, ಹೆಡರುಗಳು, ಲೈಬ್ರರಿಗಳು ಎಲ್ಲಿವೆ ಎಂಬ ವಿಳಾಸಗಳನ್ನೆಲ್ಲ ಅದು ಮೊದಲೇ ತುಂಬಿಕೊಂಡು ಬಂದಿರುತ್ತದೆ. ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡರೆ, ನಿಜವಾದ ಪೈಥಾನ್ ಇನ್ನೂ ಬಂದಿಲ್ಲವೆಂದು ತಿಳಿ. ಅದು ಬಂದಮೇಲೆ, ಬಿಲ್ಡ್ ನಡೆಸುವ ಮೆಸನ್ ಮತ್ತು ನಿಂಜಾ ಇಲ್ಲದಿದ್ದರೆ ಎರಡನ್ನೂ ಪಿಪ್‌ನಿಂದ ಹಾಕಿಕೋ. ಮೂಲ ಕೋಡನ್ನು ಸಿ ಡ್ರೈವಿನಲ್ಲಿ ಚಿಕ್ಕ ಹೆಸರಿನ ಫೋಲ್ಡರ್ ಮಾಡಿ ಅಲ್ಲಿ ಇಡು. ಒನ್‌ಡ್ರೈವ್‌ಗೆ ಸಿಂಕ್ ಆಗುವ ಡೆಸ್ಕ್‌ಟಾಪ್ ಬೇಡ, ಹೆಸರಿನಲ್ಲಿ ಖಾಲಿ ಜಾಗವೂ ಬೇಡ. ವಿಂಡೋಸ್‌ನಲ್ಲಿ ಕಡತದ ವಿಳಾಸಕ್ಕೆ ಹಳೆಯ 260 ಅಕ್ಷರಗಳ ಮಿತಿಯೊಂದಿದೆ, ಒಳಗೊಳಗೆ ಹೋಗುವ ಫೋಲ್ಡರುಗಳು ಅದನ್ನು ಬೇಗ ಮುಟ್ಟುತ್ತವೆ.

ಶೇಪಿಂಗ್‌ನ ಫಲವನ್ನು ಪರದೆಯ ಮೇಲೆ ತೋರಿಸುವ ಹೆಚ್‌ಬಿ-ಶೇಪ್ ಯಾಕೆ ಹುಟ್ಟಲಿಲ್ಲ? ಮೆಸನ್ ಸೆಟಪ್ ಓಡಿಸಿದಾಗ ಪರದೆಯ ಮೇಲೆ ಸರಸರನೆ ಹೋದ ಸಾಲುಗಳಲ್ಲಿ ಉತ್ತರ ಇತ್ತು. ಜಿಲಿಬ್ ಎಂಬ ಇನ್ನೊಂದು ಲೈಬ್ರರಿ ಸಿಗಲಿಲ್ಲ ಎಂದು ಒಂದು ಸಾಲು ಬಂದಿರುತ್ತದೆ, ಕೊನೆಯ ಸಾರಾಂಶದಲ್ಲೂ ಅದರ ಮುಂದೆ ಇಲ್ಲ ಎಂದೇ ಇರುತ್ತದೆ. ಹಾರ್ಫ್‌ಬಜ್ ಲೈಬ್ರರಿಗೆ ಬೇರೆ ಯಾವುದರ ಹಂಗೂ ಇಲ್ಲ, ಆದ್ದರಿಂದ ಅದು ನಿರಾಳವಾಗಿ ಕಂಪೈಲ್ ಆಯಿತು. ಹೆಚ್‌ಬಿ-ಶೇಪ್‌ಗೆ ಮಾತ್ರ ಜಿಲಿಬ್ ಬೇಕು. ಬೇಕಾದ ಲೈಬ್ರರಿಗಳ ಮೂಲ ಕೋಡನ್ನು ಮೆಸನ್ ತಾನೇ ಇಂಟರ್ನೆಟ್‌ನಿಂದ ತಂದು ಕಂಪೈಲ್ ಮಾಡಬಲ್ಲದು, ಆದರೆ ಹಾರ್ಫ್‌ಬಜ್‌ನವರು ಅದನ್ನು ಮೊದಲೇ ತಡೆದಿಟ್ಟಿದ್ದಾರೆ. ಸೆಟಪ್ ಕಮಾಂಡಿನ ಜೊತೆಗೆ ವ್ರ್ಯಾಪ್-ಮೋಡ್ ಎಂಬ ಆಯ್ಕೆಗೆ ಡೀಫಾಲ್ಟ್ ಎಂದು ಕೊಟ್ಟರೆ ಆ ತಡೆ ಹೋಗುತ್ತದೆ. ಜಿಲಿಬ್ ತನ್ನ ಜೊತೆಗೆ ಲಿಬ್‌ಎಫ್‌ಎಫ್‌ಐ, ಪಿಸಿಆರ್‌ಇ2 ಮುಂತಾದ ಪರಿವಾರವನ್ನೂ ಕರೆತರುತ್ತದೆ, ಹಾಗಾಗಿ ಕಾಯಬೇಕಾಗುತ್ತದೆ. ಹಳೆಯ ಬಿಲ್ಡ್ ಫೋಲ್ಡರನ್ನು ಅಳಿಸಿ ಹೊಸದಾಗಿ ಶುರುಮಾಡು. ನಡುವೆ ಮೆಸನ್ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂದು ಹೇಳುವ ಪ್ರತಿ ಸಾಲನ್ನೂ ಓದು. ಕಂಪೈಲ್ ಮಾಡುವ ಕೆಲಸದಲ್ಲಿ ಓದುವುದೇ ಹೆಚ್ಚು, ಟೈಪ್ ಮಾಡುವುದು ಕಡಿಮೆ.

ಎರರ್ ಬಂದಾಗಲೂ ಅಷ್ಟೇ. ಮೊದಲ ಎರರಿನಿಂದ ಹುಟ್ಟಿದ ಮಕ್ಕಳುಮರಿಗಳೇ ಆಮೇಲೆ ಸಾಲುಗಟ್ಟುತ್ತವೆ. ಕೆಳಗಿನಿಂದ ಓದಲು ಹೋಗಬೇಡ, ಮೇಲಕ್ಕೆ ಸರಿದು ಮೊದಲನೆಯದನ್ನು ಹಿಡಿ. ಹೆಡರ್ ಕಡತ ತೆರೆಯಲಾಗಲಿಲ್ಲ ಎಂದರೆ ಅದು ಕಂಪೈಲರಿನ ಮಾತು, ಹುಡುಕುವ ಜಾಗ ತಪ್ಪಾಗಿದೆ. ಎಲ್‌ಎನ್‌ಕೆ ಎಂದು ಶುರುವಾದರೆ ಅದು ಲಿಂಕರಿನ ಮಾತು. ಕೋಡೆಲ್ಲ ಕಂಪೈಲ್ ಆಗಿದೆ, ಆದರೆ ಕರೆದ ಫಂಕ್ಷನ್ ಯಾವ ಲೈಬ್ರರಿಯಲ್ಲೂ ಸಿಗುತ್ತಿಲ್ಲ ಎಂಬುದು 2019ನೇ ನಂಬರಿನ ದೂರು. 1112 ಬಂದರೆ 32 ಬಿಟ್ ಮತ್ತು 64 ಬಿಟ್ ಬೆರೆತಿವೆ. 2038 ಬಂದರೆ ಒಂದು ಲೈಬ್ರರಿ ಡೀಬಗ್ ರನ್‌ಟೈಮ್‌ಗೂ ಇನ್ನೊಂದು ರಿಲೀಸ್ ರನ್‌ಟೈಮ್‌ಗೂ ಕಂಪೈಲ್ ಆಗಿರಬಹುದು. ಮಿಂಗ್‌ಡಬ್ಲ್ಯುವಿನ ಜಿಸಿಸಿ ಎಂಬ ಬೇರೆ ಕಂಪೈಲರಿನಿಂದ ಕಟ್ಟಿದ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ಮೈಕ್ರೋಸಾಫ್ಟ್ ಕಂಪೈಲರಿನ ಕೋಡಿಗೆ ಎಂದೂ ಸೇರಿಸಲು ಹೋಗಬೇಡ. ಎರಡು ಕಂಪೈಲರುಗಳೂ ಫಂಕ್ಷನ್‌ಗಳಿಗೆ ಒಳಗೆ ಇಡುವ ಹೆಸರುಗಳೇ ಬೇರೆ ಬೇರೆ.

ಬಿಲ್ಡ್ ಮುಗಿದು ಪ್ರೋಗ್ರಾಮ್ ಓಡಿಸಿದಾಗ ಡಿಎಲ್‌ಎಲ್ ಸಿಗಲಿಲ್ಲ ಎಂಬ ಪೆಟ್ಟಿಗೆ ಎದ್ದು ಬರಬಹುದು. ಆಗ ಗಾಬರಿಯಾಗಿ ಆ ಹೆಸರನ್ನು ಹುಡುಕಿ ಯಾವುದೋ ಗೊತ್ತಿಲ್ಲದ ಜಾಗದಿಂದ ಇಳಿಸಬೇಡ. ಯಾರು ಕಟ್ಟಿದ್ದು, ಒಳಗೆ ಏನು ಸೇರಿಸಿದ್ದಾರೆ ಎಂದು ತಿಳಿಯದ ಕೋಡನ್ನು ಕಂಪ್ಯೂಟರಿಗೆ ಬಿಡುವುದು ಅಪಾಯ. ಆ ಡಿಎಲ್‌ಎಲ್ ನಿನ್ನ ಬಿಲ್ಡ್ ಫೋಲ್ಡರಿನ ಒಳಗೇ ಬೇರೆ ಕಡೆ ಇದೆ, ವಿಂಡೋಸ್‌ಗೆ ಅದರ ದಾರಿ ಗೊತ್ತಿಲ್ಲ. ಮೆಸನ್ ಡೆವ್‌ಎನ್ವ್ ಎಂಬ ಕಮಾಂಡು ಆ ದಾರಿಗಳನ್ನೆಲ್ಲ ಸೇರಿಸಿದ ಪ್ರಾಂಪ್ಟ್ ಒಂದನ್ನು ತೆರೆದುಕೊಡುತ್ತದೆ. ವಿಸಿಪಿಕೆಜಿ, ಎಂಸಿಸ್2 ಇಂಥ ನಂಬಬಹುದಾದ ಪ್ಯಾಕೇಜ್ ವ್ಯವಸ್ಥೆಗಳಲ್ಲಿ ಹಾರ್ಫ್‌ಬಜ್ ಸುಲಭವಾಗಿ ಸಿಗುತ್ತದೆ. ಮುಂದೆ ಕೆಲಸಕ್ಕೆ ಸೇರಿ ನಿನ್ನದೇ ಒಂದು ಅಪ್ಲಿಕೇಶನ್ ಬರೆಯುವಾಗ ಧಾರಾಳವಾಗಿ ಅವನ್ನು ಬಳಸು. ಆದರೆ ಲೈಬ್ರರಿಯ ಒಳಗನ್ನು ನೋಡಿ ತಿದ್ದಬೇಕು ಎಂದರೆ ಮೂಲದಿಂದ ಕಟ್ಟಬೇಕು.

ಇಷ್ಟಾದ ಮೇಲೆ ಬರುವ ಸೊಗಸಿಗಾಗಿಯೇ ನಿನ್ನನ್ನು ಇಷ್ಟು ದೂರ ನಡೆಸಿಕೊಂಡು ಬಂದೆ. ನೋಟೋ ಸಾನ್ಸ್ ಕನ್ನಡ, ಗುಬ್ಬಿ ಅಥವಾ ನವಿಲು, ಯಾವುದಾದರೂ ಒಂದು ಮುಕ್ತ ಫಾಂಟನ್ನು ತೆಗೆದುಕೊಂಡು ಹೆಚ್‌ಬಿ-ಶೇಪ್‌ಗೆ ಕೊಡು. ಹಳೆಯ ಕನ್ಸೋಲ್ ಕಿಟಕಿಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲ, ಅದಕ್ಕೆ ಯೂನಿಕೋಡ್ಸ್ ಎಂಬ ಆಯ್ಕೆಯಲ್ಲಿ ಸಂಕೇತಗಳ ನಂಬರುಗಳನ್ನೇ ಕೊಡು. ರ, ವಿರಾಮ, ಕ ಎಂದು ಮೂರು ಸಂಕೇತ ಕೊಟ್ಟು ನೋಡು. ಎರಡು ಗ್ಲಿಫ್ ಹೊರಬರುತ್ತವೆ, ಮೊದಲು ಕ, ಆಮೇಲೆ ಅರ್ಕಾವತ್ತು. ಉಚ್ಚಾರದಲ್ಲಿ ಮುಂದಿದ್ದ ರ ಬರಹದಲ್ಲಿ ಹಿಂದಕ್ಕೆ ಹೋಗಿದ್ದನ್ನು ಕಣ್ಣಾರೆ ನೋಡುತ್ತೀಯ. ಪಕ್ಕದಲ್ಲಿ ಬರುವ ನಂಬರುಗಳು ಯಾವ ಗ್ಲಿಫ್ ಯಾವ ಸಂಕೇತದಿಂದ ಹುಟ್ಟಿತು, ಎಷ್ಟು ಅಗಲ ತೆಗೆದುಕೊಂಡಿತು ಎಂಬುದರ ಲೆಕ್ಕ.

ಈಗ ರ‍್ಯಾಂಕ್ ಎಂಬ ಪದಕ್ಕೆ ಬಾ. ಕಾರ್ಯ ಎಂದು ಬರೆಯುವಾಗ ಯ ಆದಮೇಲೆ ಅರ್ಕಾವತ್ತು ಬಂದರೆ ಸರಿ. ರ‍್ಯಾಂಕ್, ರ‍್ಯಾಲಿ ಎಂಬಲ್ಲಿ ನಮಗೆ ಪೂರ್ತಿ ರ ಬೇಕು, ಅದರ ಕೆಳಗೆ ಯ ಒತ್ತು ಬೇಕು. ಎರಡಕ್ಕೂ ಸಂಕೇತಗಳು ಅವೇ: ರ, ವಿರಾಮ, ಯ. ವ್ಯತ್ಯಾಸ ತೋರಿಸಲು ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡುತ್ತಾರೆ. ಯೂನಿಕೋಡ್ ಹೇಳುವ ಕ್ರಮದಲ್ಲಿ ಈ ಜೋಡಕ ವಿರಾಮಕ್ಕಿಂತ ಮೊದಲು ಬರಬೇಕು. ಆದರೆ ಜೋಡಕವನ್ನು ವಿರಾಮದ ನಂತರ ಇಡುವ ರೂಢಿಯೂ ಕನ್ನಡದಲ್ಲಿ ಹಿಂದಿನಿಂದ ಇತ್ತು. ಹಾಗೆ ಟೈಪ್ ಆದ ಹಳೆಯ ಪಠ್ಯದ ಗತಿ ಏನು? ಹಾರ್ಫ್‌ಬಜ್‌ನ ಇಂಡಿಕ್ ಶೇಪರ್ ಕಡತ ತೆರೆದು ಕನ್ನಡ ಎಂಬ ಹೆಸರನ್ನು ಹುಡುಕು. ಲಿಪಿ ಕನ್ನಡವಾಗಿದ್ದು, ರ, ವಿರಾಮ, ಜೋಡಕ ಈ ಕ್ರಮದಲ್ಲಿ ಬಂದರೆ, ಕೊನೆಯ ಎರಡನ್ನು ಅದಲುಬದಲು ಮಾಡುವ ಕೆಲವೇ ಸಾಲುಗಳು ಅಲ್ಲಿವೆ. ಕನ್ನಡದ ಹಳೆಯ ಬಳಕೆಗೆ ಹೊಂದುವ ಸಲುವಾಗಿ ಹೀಗೆ ಮಾಡಿದೆ ಎಂಬ ಟಿಪ್ಪಣಿಯೂ ಇದೆ. ಜಗತ್ತಿನ ಕೋಟ್ಯಂತರ ಯಂತ್ರಗಳಲ್ಲಿ ಓಡುವ ಕೋಡಿನಲ್ಲಿ ನಮ್ಮ ನುಡಿಯ ಒಂದು ರೂಢಿಗೋಸ್ಕರ ಯಾರೋ ಕುಳಿತು ಆ ಸಾಲುಗಳನ್ನು ಸೇರಿಸಿದ್ದಾರೆ ಎಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನೀನು ಆ ಸಾಲುಗಳನ್ನು ತಾತ್ಕಾಲಿಕವಾಗಿ ತೆಗೆದು ಮತ್ತೆ ಕಂಪೈಲ್ ಮಾಡು. ನಿಂಜಾ ಬದಲಾದ ಕಡತವನ್ನು ಮಾತ್ರ ಕಂಪೈಲ್ ಮಾಡಿ ಮತ್ತೆ ಲಿಂಕ್ ಮಾಡುವುದರಿಂದ ಹೊತ್ತು ಹಿಡಿಯುವುದಿಲ್ಲ. ಅದೇ ಸಂಕೇತಗಳನ್ನು ಮತ್ತೆ ಕೊಟ್ಟು ಏನು ಬರುತ್ತದೆ ನೋಡು. ಆಮೇಲೆ ಮೊದಲಿನಂತೆ ಮಾಡಿ ಮೆಸನ್ ಟೆಸ್ಟ್ ಓಡಿಸು. ಯಾರ ವಿವರಣೆಯೂ ಕಲಿಸದಷ್ಟನ್ನು ಅದು ಕಲಿಸುತ್ತದೆ.

ಲಿನಕ್ಸ್ ಬೇಡ ಎಂದೆನಲ್ಲ, ಅದಕ್ಕೆ ಗಟ್ಟಿಯಾದ ಕಾರಣ ಇದೆ. ಹಾರ್ಫ್‌ಬಜ್‌ನ ಮುಖ್ಯ ಕರ್ತೃ, ಇರಾನ್ ಮೂಲದ ಬೆಹ್ದಾದ್ ಎಸ್ಫಹಬೋದ್ ಭಾರತೀಯ ಲಿಪಿಗಳ ಶೇಪರ್ ಬರೆಯುವಾಗ, ವಿಕಿಪೀಡಿಯದಿಂದ ತೆಗೆದ ಪದಗಳ ರಾಶಿಯನ್ನು ಯೂನಿಸ್ಕ್ರೈಬ್‌ಗೂ ತಮ್ಮ ಕೋಡಿಗೂ ಕೊಟ್ಟು ಎರಡೂ ಒಂದೇ ಫಲ ಕೊಡುತ್ತವೆಯೇ ಎಂದು ತಾಳೆ ನೋಡುತ್ತಿದ್ದರು. ಆ ರಾಶಿಯಲ್ಲಿ ಕನ್ನಡವೂ ಇತ್ತು. ಆ ತಾಳೆ ನೋಡುವ ಕೆಲಸ ನಿನ್ನ ವಿಂಡೋಸ್ ಯಂತ್ರದಲ್ಲಿ ಸಹಜವಾಗಿ ಆಗುತ್ತದೆ. ಸೆಟಪ್ ಮಾಡುವಾಗ ಜಿಡಿಐ (ಯೂನಿಸ್ಕ್ರೈಬ್ ಇದರ ಜೊತೆಗೇ ಬರುತ್ತದೆ) ಮತ್ತು ಡೈರೆಕ್ಟ್‌ರೈಟ್ ಆಯ್ಕೆಗಳನ್ನು ಎನೇಬಲ್ ಮಾಡು. ಆಮೇಲೆ ಹೆಚ್‌ಬಿ-ಶೇಪ್‌ಗೆ ಶೇಪರ್ ಎಂಬ ಆಯ್ಕೆಯಲ್ಲಿ ಒಮ್ಮೆ ಹಾರ್ಫ್‌ಬಜ್‌ನದೇ ಆದ ಓಟಿ, ಒಮ್ಮೆ ಯೂನಿಸ್ಕ್ರೈಬ್, ಒಮ್ಮೆ ಡೈರೆಕ್ಟ್‌ರೈಟ್ ಎಂದು ಕೊಟ್ಟು ಒಂದೇ ಪದದ ಮೂರು ಫಲಗಳನ್ನು ಪಕ್ಕಪಕ್ಕ ಇಟ್ಟು ನೋಡು. ಮೂರೂ ಹೊಂದದ ಪದ ಸಿಕ್ಕರೆ ಅದು ಬೆಲೆಯುಳ್ಳದ್ದು. ಫಾಂಟಿನ ಹೆಸರು, ಆವೃತ್ತಿ, ಸಂಕೇತಗಳ ಸಾಲು, ಬರಬೇಕಿದ್ದ ರೂಪ, ಬಂದ ರೂಪ, ಇಷ್ಟನ್ನೂ ಬರೆದಿಟ್ಟುಕೋ. ತಪ್ಪು ಫಾಂಟಿನದೋ ಲೈಬ್ರರಿಯದೋ ಎಂದು ಬೇರೆ ಫಾಂಟ್ ಹಾಕಿ ಪರೀಕ್ಷಿಸು, ಆಮೇಲೆ ಸಂಬಂಧಪಟ್ಟವರಿಗೆ ಕಳಿಸು. ಕನ್ನಡ ಓದಬಲ್ಲ ಕಣ್ಣು ಮತ್ತು ಬಿಲ್ಡ್ ಮಾಡಬಲ್ಲ ಕೈ ಎರಡೂ ಒಬ್ಬರಲ್ಲೇ ಇರುವುದು ಇಂದಿಗೂ ಅಪರೂಪ, ಅಂಥವರು ನಮಗೆ ಬೇಕಾಗಿದ್ದಾರೆ.

ಹಳಗನ್ನಡದ ಪಠ್ಯಗಳಿಂದ ಶುರುಮಾಡು. ಱ, ೞ ಇರುವ ಪದಗಳು, ಮೂರು ವ್ಯಂಜನ ಒಂದರ ಮೇಲೊಂದು ಕೂರುವ ಪದಗಳು ಅಲ್ಲಿ ಹೇರಳವಾಗಿವೆ, ನಿನ್ನ ಅಜ್ಜನ ಕಪಾಟಿನಲ್ಲಿ ಆ ಪುಸ್ತಕಗಳೂ ಇವೆ. ಭಾನುವಾರ ಸೆಟಪ್ ಮತ್ತೆ ಓಡಿಸಿ, ಮೆಸನ್ ಕೊನೆಯಲ್ಲಿ ಕೊಡುವ ಸಾರಾಂಶವನ್ನು ಒಂದು ಸಾಲೂ ಬಿಡದೆ ನನಗೆ ಕಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ